ಮೊದಲ ದಿನದ ನಷ್ಟ ಎಷ್ಟು?

ವಿದ್ಯುತ್ ವಿತರಣೆಯ ಸುಧಾರಣೆ ಎಂದಕೂಡಲೇ ಮಾತು ಎರಡೇ ಪ್ರಶ್ನೆಗಳಿಗೆ ಬಂದು ನಿಲ್ಲುತ್ತದೆ. ಖಾಸಗಿಯವರಿಗೆ ಕೊಡಬೇಕೋ ಬೇಡವೋ? ಇರುವ ಕಂಪನಿಯನ್ನು ಎಷ್ಟು ಹೋಳು ಮಾಡಬೇಕು? ಇವೆರಡರ ಮೇಲೆ ಗಂಟೆಗಟ್ಟಲೆ ವಾದ ಮಾಡುವವರನ್ನು ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ: ಹೊಸ ಕಂಪನಿಗೆ ಹಸ್ತಾಂತರವಾಗುವ ದಿನ ಆ ಪ್ರದೇಶದಲ್ಲಿ ನಷ್ಟ (ಬಂದ ವಿದ್ಯುತ್ತಿನಲ್ಲಿ ಹಣವಾಗದೆ ಹೋಗುವ ಪಾಲು) ಎಷ್ಟು, ಅದನ್ನು ಯಾವ ಮೀಟರ್ ಓದಿ ಹೇಳುತ್ತಿದ್ದೀರಿ? ಆಗ ಸಿಗುವುದು ಹಿಂದಿನ ವರ್ಷದ ವಾರ್ಷಿಕ ವರದಿಯಲ್ಲಿರುವ ಒಂದು ಶೇಕಡಾವಾರು. ಅದರಲ್ಲಿ ಅಳೆದದ್ದು ಎಷ್ಟು, ಊಹಿಸಿದ್ದು ಎಷ್ಟು ಎಂದು ಮುಂದಕ್ಕೆ ಕೇಳಿದರೆ ಕಡತ ತರಿಸುತ್ತೇವೆ ಎನ್ನುತ್ತಾರೆ.

ಇತಿಹಾಸ ಎಲ್ಲರಿಗೂ ಗೊತ್ತಿರುವುದೇ. 1948ರ ಕಾಯ್ದೆಯಡಿ ಹುಟ್ಟಿದ ರಾಜ್ಯ ವಿದ್ಯುತ್ ಮಂಡಳಿಗಳನ್ನು ಒಡೆಯುವ ಕೆಲಸ 1996ರಲ್ಲಿ ಒಡಿಶಾದಿಂದ ಶುರುವಾಯಿತು. ಕರ್ನಾಟಕದಲ್ಲಿ 1999ರಲ್ಲಿ ನಮ್ಮ ಮಂಡಳಿಯಾದ ಕೆಇಬಿ ಹೋಗಿ ಕೆಪಿಟಿಸಿಎಲ್ ಎಂಬ ನಿಗಮ ಬಂತು. 2002ರ ಜೂನ್ 1ರಂದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳು (ಎಸ್ಕಾಂಗಳು) ಕೆಲಸ ಆರಂಭಿಸಿದವು. ಮೆಸ್ಕಾಂನಿಂದ ಬೇರೆಯಾಗಿ ಮೈಸೂರಿನ ಚೆಸ್ಕಾಂ ಆಮೇಲೆ ಬಂತು. ಹಳ್ಳಿಯಲ್ಲಿ ಲೈನ್‌ಮನ್ ಕಂಬ ಹತ್ತಿದರೆ ಇವತ್ತಿಗೂ ‘ಕೆಇಬಿಯವರು ಬಂದರು’ ಎಂದೇ ಹೇಳುತ್ತಾರೆ. ಜನರ ಮಾತಿನಲ್ಲೂ ವಿಷಯವಿದೆ: ಬೋರ್ಡ್ ಬದಲಾಯಿತು, ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲ ಹಾಗೆಯೇ ಇವೆ.

ಮೊದಲು ಲೆಕ್ಕದ ಮಾತು, ಏಕೆಂದರೆ ಓದಿದವರೂ ಎಡವುವುದು ಇಲ್ಲೇ. ಎಟಿ ಅಂಡ್ ಸಿ ನಷ್ಟ, ಅಂದರೆ ಒಟ್ಟು ತಾಂತ್ರಿಕ ಮತ್ತು ವಾಣಿಜ್ಯ ನಷ್ಟ, ಎಂದರೆ ತಾಂತ್ರಿಕ ನಷ್ಟಕ್ಕೆ ಕಳ್ಳತನವನ್ನೂ ಬಾಕಿಯನ್ನೂ ಕೂಡಿಸುವುದು ಎಂದು ತಿಳಿದವರು ಬಹಳ. ಅದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಕಂಪನಿಗೆ 100 ಯೂನಿಟ್ ಬಂದು 78ಕ್ಕೆ ಬಿಲ್ ಆಯಿತು, ಬಿಲ್ಲಿನ ಹಣದಲ್ಲಿ ಶೇ 92 ವಸೂಲಾಯಿತು ಎಂದುಕೊಳ್ಳಿ. 0.78ನ್ನು 0.92ರಿಂದ ಗುಣಿಸಿದರೆ 0.7176. ಅಂದರೆ ನಷ್ಟ ಶೇ 28.2. ಇಪ್ಪತ್ತೆರಡಕ್ಕೆ ಎಂಟು ಕೂಡಿಸಿ 30 ಎಂದು ಬರೆದ ಕಡತಗಳಿಗೆ ಕೊರತೆಯಿಲ್ಲ. ಇದರ ತಮ್ಮನಂಥ ತಪ್ಪು ಇನ್ನೊಂದಿದೆ. ಗ್ರಾಮ ಪಂಚಾಯಿತಿಯ ಬೀದಿದೀಪ, ಕುಡಿಯುವ ನೀರಿನ ಸ್ಥಾವರಗಳ ಹಳೇ ಬಾಕಿಯನ್ನು ಸರ್ಕಾರ ಒಂದೇ ವರ್ಷದಲ್ಲಿ ಕಟ್ಟಿಬಿಟ್ಟರೆ ಆ ವರ್ಷದ ವಸೂಲಾತಿ ಶೇ 104 ಎಂದು ಕಾಣುತ್ತದೆ. ನಷ್ಟ ಥಟ್ಟನೆ ಶೇ 18.9ಕ್ಕೆ ಇಳಿದಂತಾಗುತ್ತದೆ. ಜಾಲದಲ್ಲಿ ಒಂದು ತಂತಿಯೂ ಬದಲಾಗಿರುವುದಿಲ್ಲ. ಆದ್ದರಿಂದ ಆರಂಭದ ಅಂಕಿ ಹಿಡಿಯುವಾಗ ಹಳೇ ಬಾಕಿಯ ವಸೂಲಿಯನ್ನು ಹೊರಗಿಟ್ಟು, ವಸೂಲಾತಿಯನ್ನು 100ಕ್ಕೇ ನಿಲ್ಲಿಸಬೇಕು.

ಆರಂಭದ ಅಂಕಿಗೆ ಇಷ್ಟು ಜೋತುಬೀಳುವುದೇಕೆ? ದುಡ್ಡಿಗಾಗಿ. ಒಂದು ಕಂಪನಿ ವರ್ಷಕ್ಕೆ 1,000 ಕೋಟಿ ಯೂನಿಟ್ಟನ್ನು ಯೂನಿಟ್‌ಗೆ 5 ರೂಪಾಯಿಯಂತೆ ಕೊಳ್ಳುತ್ತದೆ ಎನ್ನೋಣ. ಖರೀದಿ ಖರ್ಚು 5,000 ಕೋಟಿ. ನಿಯಂತ್ರಣ ಆಯೋಗ ಶೇ 15 ನಷ್ಟ ಒಪ್ಪಿದರೆ 850 ಕೋಟಿ ಯೂನಿಟ್ ಮಾರಾಟವಾಗುತ್ತದೆ ಎಂದು ಲೆಕ್ಕ ಹಿಡಿದು ದರ ಕಟ್ಟುತ್ತದೆ. ಬೇರೆ ಖರ್ಚುಗಳನ್ನು ಬದಿಗಿಟ್ಟರೆ ಯೂನಿಟ್‌ಗೆ 5 ರೂಪಾಯಿ 88 ಪೈಸೆ. ನಿಜವಾದ ನಷ್ಟ ಶೇ 22 ಆಗಿದ್ದರೆ ಮಾರಾಟವಾಗುವುದು 780 ಕೋಟಿ ಯೂನಿಟ್. ಒಂದೇ ವರ್ಷಕ್ಕೆ ಸುಮಾರು 410 ಕೋಟಿ ರೂಪಾಯಿ ಕಡಿಮೆ. ಅದು ಸಾಲವಾಗುತ್ತದೆ, ಇಲ್ಲವೇ ಉತ್ಪಾದಕರಿಗೆ ಕೊಡಬೇಕಾದ ಬಾಕಿಯಾಗುತ್ತದೆ. ಮಾಲೀಕ ಸರ್ಕಾರವಾಗಲಿ, ಸೇಠ್ ಆಗಲಿ, ಈ ಗುಂಡಿ ಅಷ್ಟೇ ಆಳ.

ಒಡಿಶಾದಲ್ಲಿ ಆದದ್ದು ಬಹುಮಟ್ಟಿಗೆ ಇದು. 1999ರಲ್ಲಿ ನಾಲ್ಕು ವಿತರಣಾ ಕಂಪನಿಗಳು ಖಾಸಗಿ ಕೈಗೆ ಹೋದವು: ಮೂರು ಬಿಎಸ್‌ಇಎಸ್‌ಗೆ, ಕಟಕ್-ಭುವನೇಶ್ವರ ಭಾಗದ್ದು ಅಮೆರಿಕದ ಎಇಎಸ್‌ಗೆ. ದರ ನಿಗದಿಗೆ ಆಯೋಗ ಒಪ್ಪಿದ ನಷ್ಟ ಶೇ 35ರ ಆಸುಪಾಸಿನದು. ಜಾಲದಲ್ಲಿದ್ದದ್ದು ಶೇ 40ಕ್ಕೂ ಮೇಲೆ. ಸಾಲದ್ದಕ್ಕೆ, ಕಂಪನಿಗಳನ್ನು ಕಟ್ಟುವಾಗ ಹಳೆಯ ಆಸ್ತಿಗಳ ಬೆಲೆಯನ್ನು ಪುಸ್ತಕದಲ್ಲಿ ಏರಿಸಲಾಗಿತ್ತು. ಸವಕಳಿಯ ಭಾರ ದರದ ಮೇಲೆ ಬಿತ್ತು. 1999ರ ಅಕ್ಟೋಬರಿನ ಮಹಾ ಚಂಡಮಾರುತ ಎಇಎಸ್ ಪ್ರದೇಶದ ಸಾವಿರಾರು ಕಂಬಗಳನ್ನು ಕೆಡವಿತು. 2001ರಲ್ಲಿ ಎಇಎಸ್ ಬಿಟ್ಟು ಹೋಯಿತು, 2015ರಲ್ಲಿ ಉಳಿದ ಮೂರು ಕಂಪನಿಗಳ ಪರವಾನಗಿಯೂ ರದ್ದಾಯಿತು. ‘ಖಾಸಗೀಕರಣ ಸೋತಿತು’ ಎಂದು ಒಂದು ಪಂಗಡ, ‘ಚಂಡಮಾರುತ ಕೆಡಿಸಿತು’ ಎಂದು ಇನ್ನೊಂದು ಪಂಗಡ ಇಂದಿಗೂ ಹೇಳುತ್ತದೆ. ಚಂಡಮಾರುತ ಬಾರದೇ ಇದ್ದರೂ ಆ ಲೆಕ್ಕ ಹೊಂದುವಂತಿರಲಿಲ್ಲ.

ದೆಹಲಿ ಈ ಪಾಠವನ್ನು ಅರ್ಧ ಕಲಿಯಿತು. 2002ರಲ್ಲಿ ಅಲ್ಲಿ ಕಂಪನಿಗೆ ಯಾರು ಹೆಚ್ಚು ಬೆಲೆ ಕೊಡುತ್ತಾರೆ ಎಂದು ಹರಾಜು ಕೂಗಲಿಲ್ಲ. ಐದು ವರ್ಷದಲ್ಲಿ ನಷ್ಟವನ್ನು ಯಾರು ಹೆಚ್ಚು ಇಳಿಸುತ್ತಾರೆ ಎಂದು ಕೇಳಿದರು. ಮಾತುಕತೆಗೂ ಮೊದಲೇ ಆಯೋಗ ಆರಂಭದ ನಷ್ಟವನ್ನು ನಿಗದಿ ಮಾಡಿತ್ತು: ಮಧ್ಯ-ಪೂರ್ವ ದೆಹಲಿಯ ಕಂಪನಿಗೆ ಶೇ 57.2, ಉಳಿದೆರಡಕ್ಕೆ ಶೇ 48.1. ಕೊಳ್ಳುವ ವಿದ್ಯುತ್ತಿನ ದರವನ್ನೂ ಕಂಪನಿಯ ತಾಕತ್ತು ನೋಡಿ ಬೇರೆಬೇರೆ ಇಟ್ಟರು. ಕೊರತೆ ತುಂಬಲು ಸರ್ಕಾರ 3,450 ಕೋಟಿ ರೂಪಾಯಿಯ ನೆರವನ್ನು ಮೊದಲೇ ಘೋಷಿಸಿತು. ಆ ಅಂಕಿಗಳೂ ಪೂರ್ತಿ ನಿಖರವಾಗಿರಲಿಲ್ಲ, ಮೊದಲ ವರ್ಷವೇ ನಿಜದ ನಷ್ಟ ಇನ್ನೂ ಮೇಲಿದೆ ಎಂದು ಗೊತ್ತಾಯಿತು. ಆದರೂ ಎಲ್ಲರೂ ಒಂದೇ ಗೆರೆಯಿಂದ ಓಟ ಶುರುಮಾಡಿದ್ದರು. ನಷ್ಟ ಈಗ ಒಂದಂಕಿಗೆ ಇಳಿದಿದೆ. ಹಾಗೆಂದು ದೆಹಲಿಯನ್ನು ಪೂರಾ ಹೊಗಳುವಂತಿಲ್ಲ. ದರ ಏರಿಸದೆ ಮುಂದೂಡಿದ ಬಾಕಿ ಸಾವಿರಾರು ಕೋಟಿಗೆ ಬೆಳೆದು, ಅದನ್ನು ತೀರಿಸಲು 2025ರಲ್ಲಿ ಸುಪ್ರೀಂ ಕೋರ್ಟೇ ಕಾಲಮಿತಿ ಹಾಕಬೇಕಾಯಿತು.

ಇನ್ನು ನಮ್ಮ ಐಪಿ ಸೆಟ್, ಅಂದರೆ ನೀರಾವರಿ ಪಂಪ್‌ಸೆಟ್. ನಷ್ಟದ ಅಂಕಿ ಹಾಳಾಗುವ ಜಾಗ ಇದೇ ಎಂದು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಕಾರಣ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ 2008ರಿಂದ ಉಚಿತ ವಿದ್ಯುತ್ತು. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಹಾಗಾಗಿ ಅವು ಉಪಯೋಗಿಸಿದ್ದು ಎಷ್ಟು ಎಂಬುದನ್ನು ಅಂದಾಜಿನಿಂದ ಬರೆಯುತ್ತಾರೆ, ಸರ್ಕಾರ ಆ ಅಂದಾಜಿಗೆ ಸಹಾಯಧನ ಕೊಡುತ್ತದೆ. ಮೇಲಿನ ಉದಾಹರಣೆಗೇ ಬನ್ನಿ. ಬಂದದ್ದು 1,000 ಕೋಟಿ ಯೂನಿಟ್, ಮೀಟರಿನಲ್ಲಿ ಓದಿ ಬಿಲ್ ಮಾಡಿದ್ದು 500. ಐಪಿ ಸೆಟ್‌ಗಳಿಗೆ 350 ಎಂದು ಬರೆದರೆ ನಷ್ಟ ಶೇ 15. ಯಾರೋ ಸರಿಯಾಗಿ ಅಳೆದು 280 ಎಂದರೆ ನಷ್ಟ ಶೇ 22. ಮಧ್ಯದ 70 ಕೋಟಿ ಯೂನಿಟ್ ನಿನ್ನೆ ರೈತರ ಹೆಸರಿನಲ್ಲಿತ್ತು, ಇಂದು ಕಂಪನಿಯ ನಷ್ಟವಾಯಿತು. ಆ 410 ಕೋಟಿ ರೂಪಾಯಿ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ. ಅಂದಾಜನ್ನು ಹಿಗ್ಗಿಸಿದರೆ ಎಂಜಿನಿಯರಿಗೆ ನಷ್ಟ ಕಡಿಮೆ ತೋರಿಸಿದ ಹೆಸರು, ಕಂಪನಿಗೆ ಹೆಚ್ಚು ಸಹಾಯಧನ. ಬೇಡ ಎನ್ನುವವರು ಯಾರೂ ಇಲ್ಲ. ರೈತ ಮಾತ್ರ ತಾನು ಉಪಯೋಗಿಸದ ವಿದ್ಯುತ್ತಿಗೂ ಬೈಸಿಕೊಳ್ಳುತ್ತಾನೆ.

ಅಳೆಯುವುದು ಕಷ್ಟವೇನಲ್ಲ, ಬೇಸರದ ಕೆಲಸ ಅಷ್ಟೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳನ್ನು (ಸಬ್‌ಸ್ಟೇಷನ್ನಿನಿಂದ ಹೊರಡುವ ಮುಖ್ಯ ಲೈನುಗಳನ್ನು) ಬೇರೆ ಮಾಡಿದ ಕಡೆ ಸಬ್‌ಸ್ಟೇಷನ್ನಿನ 11 ಕೆವಿ ಫೀಡರ್ ಮೀಟರ್ ಓದಿ, ಅದರಿಂದ 11 ಕೆವಿ ಲೈನ್, ಟಿಸಿ, ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನ್ ನಷ್ಟ ಕಳೆದು, ಚಾಲ್ತಿಯಲ್ಲಿರುವ ಪಂಪ್‌ಸೆಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಪಂಪಿಗೆ ತಿಂಗಳಿಗೆ ಇಷ್ಟು ಯೂನಿಟ್ ಎಂದು ಬರುತ್ತದೆ. ‘ಚಾಲ್ತಿಯಲ್ಲಿರುವ’ ಎಂಬ ಮಾತಿನ ಮೇಲೆ ಬೆರಳಿಡಿ. ಬೋರ್‌ವೆಲ್ ಬತ್ತಿ ಹತ್ತು ವರ್ಷವಾದರೂ ಆರ್‌ಆರ್ ನಂಬರ್ (ಸಂಪರ್ಕದ ನಂಬರು) ಪುಸ್ತಕದಲ್ಲಿ ಜೀವಂತವಾಗಿರುತ್ತದೆ. ಪಕ್ಕದ ಹೊಲದ ಅಕ್ರಮ ಪಂಪ್‌ಸೆಟ್ ಎಲ್ಲೂ ಇರುವುದಿಲ್ಲ. ರಾಜ್ಯದ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಜಿಪಿಎಸ್ ಸಮೀಕ್ಷೆ ಮಾಡಿ ಎಂದದ್ದು ಇದಕ್ಕೇ. ಮೋಟಾರಿನ ಮೇಲಿನ ಎಚ್‌ಪಿ ನಂಬುವ ಹಾಗಿಲ್ಲ: ಪುಸ್ತಕದಲ್ಲಿ 5 ಎಚ್‌ಪಿ, ರೀವೈಂಡಿಂಗ್ ಆದ ಮೇಲೆ ಎಳೆಯುವುದು ಏಳೂವರೆಯದು. ಅಂಕಿ ಸರಿಯಿದೆಯೇ ಎಂದು ತಾಳೆ ನೋಡಲು ಒಂದು ಒರಟು ಲೆಕ್ಕ: 5 ಎಚ್‌ಪಿ ಎಂದರೆ ಮೋಟಾರ್ ಹೊರಗೆ ಕೊಡುವುದು ಸುಮಾರು 3.7 ಕಿಲೋವಾಟ್, ಸಾಧಾರಣ ಸ್ಥಿತಿಯ ಮೋಟಾರ್ ಎಳೆಯುವುದು ಸುಮಾರು 5. ದಿನಕ್ಕೆ 7 ಗಂಟೆ ಪೂರ್ತಿ ತ್ರೀ ಫೇಸ್ ಕೊಟ್ಟು, 7 ಗಂಟೆಯೂ ಓಡಿದರೆ 35 ಯೂನಿಟ್. ಮಳೆಗಾಲವನ್ನೂ ಸೇರಿಸಿ ವರ್ಷದ ಸರಾಸರಿ ಇದಕ್ಕೆ ಹತ್ತಿರ ಬಂದಿದ್ದರೆ ಎಲ್ಲೋ ಹುಳುಕಿದೆ ಎಂದೇ ಅರ್ಥ.

ಫೀಡರ್ ಮೀಟರ್ ಇದ್ದಮಾತ್ರಕ್ಕೆ ಅಳತೆ ಸಿಕ್ಕಿತು ಎಂದುಕೊಳ್ಳಬೇಡಿ. ಎರಡು ಸಬ್‌ಸ್ಟೇಷನ್ನುಗಳ ಎರಡು ಫೀಡರುಗಳು ಊರಾಚೆ ಒಂದು ಜಿಓಎಸ್‌ನಲ್ಲಿ (ಕಂಬದ ಮೇಲಿನ ಲೈನ್ ಸ್ವಿಚ್ಚಿನಲ್ಲಿ) ಸೇರುತ್ತವೆ ಎನ್ನಿ. ಮೊದಲನೆಯದಕ್ಕೆ ತಿಂಗಳಿಗೆ 10 ಲಕ್ಷ ಯೂನಿಟ್ ಬಂದು 8.8 ಲಕ್ಷಕ್ಕೆ ಬಿಲ್ ಆಗುತ್ತದೆ. ಎರಡನೆಯದಕ್ಕೆ 8 ಲಕ್ಷ ಬಂದು 7 ಲಕ್ಷಕ್ಕೆ. ಎರಡರ ನಷ್ಟವೂ ಶೇ 12ರ ಹತ್ತಿರ. ಒಂದು ದಿನ ದುರಸ್ತಿಗೆಂದು ಎಲ್‌ಸಿ (ಲೈನ್ ಬಂದ್ ಮಾಡುವ ಅನುಮತಿ) ತೆಗೆದುಕೊಂಡು ಮೊದಲನೆಯದರ ಅರ್ಧ ಲೋಡನ್ನು ಎರಡನೆಯದಕ್ಕೆ ಹಾಕುತ್ತಾರೆ. ಕೆಲಸ ಮುಗಿದ ಮೇಲೂ ಸ್ವಿಚ್ ಹಾಗೇ ಉಳಿಯುತ್ತದೆ, ಲಾಗ್ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ. ಹೀಗೆ 4 ಲಕ್ಷ ಯೂನಿಟ್ ದಾರಿ ಬದಲಿಸಿದರೆ ತಿಂಗಳ ಕೊನೆಗೆ ಎರಡನೇ ಫೀಡರಿನ ನಷ್ಟ ಶೇ 42, ಮೊದಲನೆಯದರದ್ದು ಸೊನ್ನೆಗಿಂತ ಶೇ 47 ಕೆಳಗೆ! ಒಂದೇ ಕಂಪನಿಯೊಳಗೆ ಇದು ನಗೆಪಾಟಲು, ಎರಡನ್ನೂ ಕೂಡಿದರೆ ಲೆಕ್ಕ ಸರಿಹೋಗುತ್ತದೆ. ಹೊಸ ಕಂಪನಿಗಳ ಗಡಿ ಆ ಎರಡು ಫೀಡರುಗಳ ನಡುವೆಯೇ ಹಾದುಹೋದರೆ ಒಬ್ಬರ ಬಿಲ್ಲಿನ ಹಣ ಇನ್ನೊಬ್ಬರ ಖರೀದಿ ಖರ್ಚಾಗುತ್ತದೆ, ಮೊಕದ್ದಮೆ ಶುರು.

ಮೀಟರಿಗೆ ಕರೆಂಟನ್ನು ಇಳಿಸಿ ಕೊಡುವ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರಿನ) ತಪ್ಪು ಇನ್ನೂ ಮೋಸದ್ದು. ಲೋಡ್ ಬೆಳೆಯಿತೆಂದು 200/1 ಟ್ಯಾಪ್‌ನಿಂದ 400/1ಕ್ಕೆ ಬದಲಾಯಿಸಿ, ಓದಿದ ಅಂಕಿಗೆ ಗುಣಿಸುವ ಎಂಎಫ್ ಹಳೆಯದೇ ಉಳಿಸಿಕೊಂಡರೆ ಬಂದ ವಿದ್ಯುತ್ ಅರ್ಧವೆಂದು ದಾಖಲಾಗುತ್ತದೆ. ವೋಲ್ಟೇಜ್ ಇಳಿಸಿ ಕೊಡುವ ಪಿಟಿಯ ಒಂದು ಫೇಸಿನ ಫ್ಯೂಸ್ ಹೋದರೆ ಮೂರನೇ ಒಂದು ಭಾಗ ಮಾಯ. ಎರಡರಲ್ಲೂ ಒಳಬಂದದ್ದು ಕಡಿಮೆ ಕಾಣುವುದರಿಂದ ನಷ್ಟವೂ ಕಡಿಮೆ ಕಾಣುತ್ತದೆ. ನಷ್ಟ ಇಳಿಯಿತೆಂದು ದೂರು ಕೊಟ್ಟ ಸೆಕ್ಷನ್ ಆಫೀಸರ್ ಇನ್ನೂ ಹುಟ್ಟಿಲ್ಲ. ಆದ್ದರಿಂದ ಶೇ 5ಕ್ಕಿಂತ ಕಡಿಮೆ ನಷ್ಟ ತೋರಿಸುವ ಗ್ರಾಮೀಣ ಫೀಡರುಗಳನ್ನೇ ಮೊದಲು ಪರೀಕ್ಷಿಸಬೇಕು. ಹೆಚ್ಚು ನಷ್ಟದವು ಹೇಗೂ ತಾವೇ ಕೂಗುತ್ತವೆ.

ನಷ್ಟವನ್ನು ತಿಂಗಳ ಲೆಕ್ಕದಲ್ಲಿ ನೋಡಬಾರದು. ಫೀಡರ್ ಮೀಟರನ್ನು ಒಂದನೇ ತಾರೀಕು ಮಧ್ಯರಾತ್ರಿ ಓದುತ್ತಾರೆ, ಮನೆ ಮೀಟರ್ ಓದುವುದು ತಿಂಗಳ ಮೊದಲ ಎರಡು ವಾರಗಳಲ್ಲಿ. ಬೇಸಿಗೆ ಏರುವಾಗ ನಷ್ಟ ಹೆಚ್ಚಿದಂತೆ, ಮಳೆ ಬಿದ್ದಮೇಲೆ ಇಳಿದಂತೆ ಕಾಣುವುದು ಈ ಅಂತರದಿಂದ. ಸತತ ಹನ್ನೆರಡು ತಿಂಗಳ ಮೊತ್ತ ಬೇಕು. ಅದಕ್ಕೆ ಮುಂಚೆ ಪ್ರತಿ ಗ್ರಾಹಕ ಯಾವ ಟಿಸಿ, ಯಾವ ಫೀಡರಿಗೆ ಸೇರಿದವನು ಎಂದು ಕಂಬ ಕಂಬ ನೋಡಿ ಬರೆಯಬೇಕು. ಗಡಿ ದಾಟುವ ಪ್ರತಿ ಲೈನಿಗೂ ಎರಡೂ ದಿಕ್ಕಿನ ಹರಿವನ್ನು ದಾಖಲಿಸುವ, ಹೆಚ್ಚು ನಿಖರತೆಯ ಮೀಟರನ್ನು ಹಸ್ತಾಂತರಕ್ಕೆ ಒಂದು ವರ್ಷ ಮೊದಲೇ ಕೂರಿಸಬೇಕು. ಎಲ್ಲ ಸೇರಿ ಹದಿನೆಂಟು ತಿಂಗಳಾದರೂ ಹಿಡಿಯುತ್ತದೆ, ಕೆಲವು ವಿಭಾಗಗಳಲ್ಲಿ ಎರಡು ವರ್ಷ. ‘ಆರು ತಿಂಗಳಲ್ಲಿ ಮುಗಿಸಿ’ ಎನ್ನುವವರಿಗೆ ಕೊಡುವ ಅಂಕಿ ಎಂಥದಿರುತ್ತದೆ ಎಂದು ಮತ್ತೆ ಹೇಳಬೇಕಿಲ್ಲ.

ವಿತರಣಾ ಕಂಪನಿಗಳ ಸಾಲ ತೊಳೆಯುವ ಕೇಂದ್ರದ ಯೋಜನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಸಾವಿರದ ಇಸವಿಯ ಆರಂಭದಲ್ಲಿ ಒಂದು, 2012ರಲ್ಲಿ ಒಂದು, 2015ರಲ್ಲಿ ಉದಯ್. ಉದಯ್‌ನಲ್ಲಿ ರಾಜ್ಯಗಳು ಕಂಪನಿಗಳ ಸಾಲದ ಮುಕ್ಕಾಲು ಪಾಲು ಹೊತ್ತವು, 2018-19ಕ್ಕೆ ನಷ್ಟ ಶೇ 15ಕ್ಕೆ ಇಳಿಯಬೇಕಿತ್ತು. ಆ ಗುರಿ ತಪ್ಪಿತು. 2021ರಲ್ಲಿ ಹೊಸ ಯೋಜನೆ, ಹೊಸ ಗಡುವು.

ವಿದ್ಯುತ್ ಖರೀದಿಯ ಹಂಚಿಕೆ ಇನ್ನೊಂದು ಕಗ್ಗಂಟು. ಕೈಗಾರಿಕೆ, ಐಟಿ ಕಚೇರಿಗಳಿರುವ ಬೆಂಗಳೂರಿನ ಕಂಪನಿಗೂ ಪಂಪ್‌ಸೆಟ್ ತುಂಬಿದ ಕಲಬುರಗಿಯ ಕಂಪನಿಗೂ ಗ್ರಾಹಕ ದರ ಬಹುತೇಕ ಒಂದೇ ಇರಬೇಕೆಂದರೆ, ಕೊಳ್ಳುವ ದರ ಬೇರೆ ಮಾಡಲೇಬೇಕು. ಹಾಗಾಗಿ ಯಾವ ಕಂಪನಿಗೆ ಯಾವ ಸ್ಥಾವರದ ವಿದ್ಯುತ್ ಎಷ್ಟು ಎಂದು ಸರ್ಕಾರ ಆದೇಶ ಹೊರಡಿಸುತ್ತದೆ. ಅಗ್ಗದ ಜಲವಿದ್ಯುತ್ತಿನ ಪಾಲು ಎತ್ತ ಹೆಚ್ಚು ವಾಲಿತು ಎಂದು ನೋಡದೆ ‘ಆ ಎಸ್ಕಾಂ ಲಾಭದಲ್ಲಿದೆ, ಈ ಎಸ್ಕಾಂ ನಷ್ಟದಲ್ಲಿದೆ’ ಎಂದು ಬರೆಯುವುದು ವ್ಯರ್ಥ.

ಮೊದಲ ದಿನ ಬರೆದಿಡಬೇಕಾದ ಇನ್ನೊಂದು ಅಂಕಿ ನೌಕರರ ಪಿಂಚಣಿಯದು. ಮಂಡಳಿಯಿಂದ ಕಂಪನಿಗೆ ಬಂದವರ ಹಿಂದಿನ ಸೇವೆಯ ಪಿಂಚಣಿ, ಗ್ರಾಚ್ಯುಟಿಯನ್ನು ಯಾರು ಕೊಡಬೇಕು, ಎಷ್ಟು, ಯಾವ ವರ್ಷದವರೆಗೆ ಎಂಬುದನ್ನು ವಿಮಾ ಗಣಿತಜ್ಞರಿಂದ ಲೆಕ್ಕ ಹಾಕಿಸಿ, ಹಣವನ್ನು ಪಿಂಚಣಿ ಟ್ರಸ್ಟ್‌ಗೆ ಕಟ್ಟಿಯೇ ಮಂಡಳಿಯನ್ನು ಒಡೆಯಬೇಕು. ಕರ್ನಾಟಕದಲ್ಲಿ ಟ್ರಸ್ಟ್ ಇದೆ, ಸರ್ಕಾರದ ಪಾಲಿನ ಹಣವನ್ನು ಯಾರು ಕಟ್ಟಬೇಕು ಎಂಬ ತಕರಾರು ಎರಡು ದಶಕ ಎಳೆಯಿತು. 2025ರ ಏಪ್ರಿಲ್‌ನಲ್ಲಿ ಅದು ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಆಗಿ ಗ್ರಾಹಕರ ಬಿಲ್ಲಿಗೆ ಬಂದು ಕೂತಿತು. 2002ರಲ್ಲಿ ಇನ್ನೂ ಹುಟ್ಟಿರದಿದ್ದವರು ಈಗ ತಮ್ಮ ಹೆಸರಿನ ಮೀಟರಿನಲ್ಲಿ ಅದನ್ನು ಕಟ್ಟುತ್ತಿದ್ದಾರೆ.