ಸೋಲುವುದಕ್ಕೇ ಪೈಪೋಟಿ: ಲಂಡನ್ ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಆ ಸಂಜೆ ಯಾಕೆ ಹಾಗಾಯಿತು?

2012ರ ಜುಲೈ 31, ಲಂಡನ್‌ನ ವೆಂಬ್ಲಿ ಅರೀನಾ. ಮಹಿಳಾ ಡಬಲ್ಸ್ ಗ್ರೂಪ್ ಹಂತದ ಕೊನೆಯ ಪಂದ್ಯಗಳು. ನೆಟ್‌ನ ಒಂದು ಕಡೆ ಚೀನಾದ ವಾಂಗ್ ಶಿಯಾವೊಲಿ ಮತ್ತು ಯು ಯಾಂಗ್. ಆಗಿನ ವಿಶ್ವ ಚಾಂಪಿಯನ್ನರು ಅವರೇ, ಟೂರ್ನಿಯ ಮೊದಲ ಸೀಡ್, ಅಂದರೆ ಮೊದಲ ಶ್ರೇಯಾಂಕದವರು ಕೂಡ ಅವರೇ. ಇನ್ನೊಂದು ಕಡೆ ದಕ್ಷಿಣ ಕೊರಿಯಾದ ಜಂಗ್ ಕ್ಯುಂಗ್ ಯುನ್ ಮತ್ತು ಕಿಮ್ ಹಾ ನಾ. ಆಟ ಶುರುವಾಯಿತು. ಸರ್ವಿಸ್ ಹೋಗಿ ನೆಟ್‌ಗೆ ಬಿತ್ತು. ಮುಂದಿನ ಶಟಲ್ ಗೆರೆಯಿಂದಾಚೆ ಹೋಯಿತು. ಮೊದಲ ಗೇಮ್‌ನಲ್ಲಿ ಅತಿ ಉದ್ದದ ರ‍್ಯಾಲಿ ಎಂದರೆ ನಾಲ್ಕೇ ಹೊಡೆತ. ಸಂಜೆ ಹೊತ್ತು ಮನೆ ಮುಂದೆ ಆಡುವ ಮಕ್ಕಳೂ ಅದಕ್ಕಿಂತ ಜಾಸ್ತಿ ಹೊಡೆಯುತ್ತಾರೆ.

ಎರಡೂ ಜೋಡಿಗಳು ಸೋಲುವುದಕ್ಕೆ ಆಡುತ್ತಿದ್ದವು. ಜನಕ್ಕೆ ಅದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೂಗಾಟ ಶುರುವಾಯಿತು, ದುಡ್ಡು ಕೊಟ್ಟು ಬಂದವರು ಇನ್ನೇನು ಮಾಡಬೇಕಿತ್ತು ಹೇಳಿ? ರೆಫರಿ ಟಾರ್ಸ್ಟನ್ ಬರ್ಗ್ ಕೋರ್ಟ್‌ಗೇ ಬಂದು ಎಚ್ಚರಿಕೆ ಕೊಟ್ಟರು. ಕೊನೆಗೆ ಕೊರಿಯಾ 21-14, 21-11ರಿಂದ ಗೆದ್ದಿತು, ಅಂದರೆ ಸೋಲುವ ಪೈಪೋಟಿಯಲ್ಲಿ ಚೀನಾ ಗೆದ್ದಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಸಂಜೆ ಕೊರಿಯಾದ ಇನ್ನೊಂದು ಜೋಡಿ ಹಾ ಜಂಗ್ ಯುನ್ ಮತ್ತು ಕಿಮ್ ಮಿನ್ ಜಂಗ್, ಇಂಡೋನೇಷ್ಯಾದ ಗ್ರೇಸಿಯಾ ಪೊಲಿ ಮತ್ತು ಮೈಲಿಯಾನಾ ಜೌಹರಿ ಜೊತೆ ಆಡಿದರು. ಅಲ್ಲೂ ಇದೇ ಕಥೆ. ಈ ಸಲ ರೆಫರಿ ಕಪ್ಪು ಕಾರ್ಡನ್ನೇ ತೋರಿಸಿಬಿಟ್ಟರು. ಕಪ್ಪು ಕಾರ್ಡ್ ಅಂದರೆ ಟೂರ್ನಿಯಿಂದಲೇ ಹೊರಗೆ. ಆಮೇಲೆ ಅದನ್ನು ವಾಪಸ್ ತಗೊಂಡು ಪಂದ್ಯ ಮುಂದುವರಿಸಿದರು. ಮರುದಿನ, ಆಗಸ್ಟ್ 1ರಂದು, ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ನಾಲ್ಕೂ ಜೋಡಿಗಳನ್ನು, ಎಂಟೂ ಆಟಗಾರ್ತಿಯರನ್ನು ಅನರ್ಹಗೊಳಿಸಿತು. ಗೆಲ್ಲಲು ಪೂರ್ತಿ ಪ್ರಯತ್ನ ಹಾಕಲಿಲ್ಲ, ಆಟದ ಹೆಸರು ಕೆಡಿಸಿದರು ಎನ್ನುವುದು ಆರೋಪ. ಕೊರಿಯಾದ ಮೇಲ್ಮನವಿ ವಜಾ ಆಯಿತು. ಇಂಡೋನೇಷ್ಯಾ ತನ್ನ ಮನವಿಯನ್ನು ತಾನೇ ಹಿಂದಕ್ಕೆ ಪಡೆಯಿತು.

ಇಷ್ಟು ಬಹಳ ಜನಕ್ಕೆ ನೆನಪಿದೆ. ಆದರೆ ಒಲಿಂಪಿಕ್ಸ್‌ಗೆ ಬಂದು ಯಾರಾದರೂ ಸೋಲಲು ಯಾಕೆ ಒದ್ದಾಡುತ್ತಾರೆ? ಉತ್ತರ ಇರುವುದು ಡ್ರಾ ಹಾಳೆಯಲ್ಲಿ, ಅಂದರೆ ಯಾರು ಯಾರ ಎದುರು ಆಡಬೇಕು ಎನ್ನುವ ಪಟ್ಟಿಯಲ್ಲಿ.

ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ಗೆ ಬಂದಿದ್ದು ತಡವಾಗಿ. 1972ರ ಮ್ಯೂನಿಕ್‌ನಲ್ಲಿ ಸುಮ್ನೆ ಪ್ರದರ್ಶನಕ್ಕೆ ಅಂತ ಆಡಿಸಿದರು, 1988ರ ಸೋಲ್‌ನಲ್ಲಿ ಮತ್ತೊಮ್ಮೆ. ಪದಕ ಕೊಡಲು ಶುರು ಮಾಡಿದ್ದು 1992ರ ಬಾರ್ಸಿಲೋನಾದಿಂದ. ಮಿಕ್ಸೆಡ್ ಡಬಲ್ಸ್ ಸೇರಿದ್ದು 1996ರ ಅಟ್ಲಾಂಟಾದಲ್ಲಿ. ಅಲ್ಲಿಂದ 2008ರ ಬೀಜಿಂಗ್‌ವರೆಗೂ ಪೂರ್ತಿ ನಾಕೌಟ್. ಸೋತರೆ ಮನೆಗೆ. ನಾಲ್ಕು ವರ್ಷ ಬೆವರು ಸುರಿಸಿ, ಅರ್ಧ ಭೂಮಿ ದಾಟಿ ಬಂದು, ಮೊದಲ ದಿನವೇ ಮುಕ್ಕಾಲು ಗಂಟೆಯಲ್ಲಿ ಆಟ ಮುಗಿಸಿ ಹೊರಡುವವರು ಬೇಕಾದಷ್ಟು ಜನ ಇದ್ದರು. ಇದು ಸರಿಯಲ್ಲ, ಎಲ್ಲರಿಗೂ ಒಂದಕ್ಕಿಂತ ಹೆಚ್ಚು ಪಂದ್ಯ ಸಿಗಲಿ ಎಂದು ಲಂಡನ್‌ನಲ್ಲಿ ಗ್ರೂಪ್ ಹಂತ ತಂದರು. ಉದ್ದೇಶದಲ್ಲಿ ತಪ್ಪೇನೂ ಇರಲಿಲ್ಲ.

ಸಿಂಗಲ್ಸ್‌ನಲ್ಲಿ ಗ್ರೂಪ್‌ನಿಂದ ಒಬ್ಬರೇ ಮುಂದಕ್ಕೆ ಹೋಗುವುದು, ಹಾಗಾಗಿ ಬೇಕೆಂದೇ ಸೋತು ಯಾರಿಗೂ ಏನೂ ಲಾಭ ಇಲ್ಲ. ಡಬಲ್ಸ್ ಹಾಗಲ್ಲ. 16 ಜೋಡಿ, ನಾಲ್ಕು ಗ್ರೂಪ್, ಪ್ರತಿ ಗ್ರೂಪ್‌ನಿಂದ ಇಬ್ಬಿಬ್ಬರು ಕ್ವಾರ್ಟರ್‌ಫೈನಲ್‌ಗೆ. ಎ ಗ್ರೂಪ್‌ನ ಮೊದಲನೆಯವರು ಸಿ ಗ್ರೂಪ್‌ನ ಎರಡನೆಯವರ ಜೊತೆ, ಬಿ ಗ್ರೂಪ್‌ನ ಮೊದಲನೆಯವರು ಡಿ ಗ್ರೂಪ್‌ನ ಎರಡನೆಯವರ ಜೊತೆ, ಹೀಗೆ ಯಾರು ಯಾರನ್ನು ಎದುರಿಸುತ್ತಾರೆ ಎನ್ನುವುದು ಮೊದಲೇ ಗೊತ್ತಿತ್ತು. ಸೆಮಿಫೈನಲ್ ದಾರಿಯೂ ಗೊತ್ತಿತ್ತು. ಮೊದಲೆರಡೂ ಪಂದ್ಯ ಗೆದ್ದ ಎರಡು ಜೋಡಿಗಳು ಮೂರನೆಯದರಲ್ಲಿ ಎದುರಾದರೆ, ಇಬ್ಬರಿಗೂ ಗೆದ್ದರೂ ಸೈ, ಸೋತರೂ ಸೈ. ಮೊದಲ ಸ್ಥಾನ ಬೇಕೋ ಎರಡನೇ ಸ್ಥಾನ ಬೇಕೋ ಅಂತ ಅವರೇ ಆರಿಸಿಕೊಳ್ಳಬಹುದಿತ್ತು. ಇದು ತೂತಲ್ಲ, ಬಾಗಿಲು.

ಬಾಗಿಲು ತೆರೆದಿದ್ದು ಡೆನ್ಮಾರ್ಕ್. ಡಿ ಗ್ರೂಪ್‌ನಲ್ಲಿ ಚೀನಾದ ಇನ್ನೊಂದು ಜೋಡಿ ಟಿಯಾನ್ ಚಿಂಗ್ ಮತ್ತು ಝಾವೊ ಯುನ್ಲೆ ಇದ್ದರು. ಅವರು ಡೆನ್ಮಾರ್ಕ್‌ನ ಕಮಿಲಾ ರಿಟರ್ ಯೂಲ್ ಮತ್ತು ಕ್ರಿಸ್ಟಿನಾ ಪೆಡರ್ಸನ್ ಎದುರು ಸೋತು ಎರಡನೇ ಸ್ಥಾನಕ್ಕೆ ಇಳಿದರು. ಯಾರೂ ನಿರೀಕ್ಷಿಸದ ಫಲಿತಾಂಶ. ಈಗ ವಾಂಗ್ ಮತ್ತು ಯು ತಮ್ಮ ಎ ಗ್ರೂಪ್‌ನಲ್ಲಿ ಮೊದಲು ಬಂದರೆ ಸೆಮಿಫೈನಲ್‌ನಲ್ಲೇ ತಮ್ಮ ದೇಶದವರನ್ನೇ ಎದುರಿಸಬೇಕು. ಎರಡನೆಯವರಾದರೆ ಫೈನಲ್‌ನಲ್ಲಿ ಭೇಟಿ, ಚಿನ್ನ ಬೆಳ್ಳಿ ಎರಡೂ ಚೀನಾಕ್ಕೆ. ಹಿಂದಿನ ವರ್ಷ ಇದೇ ವೆಂಬ್ಲಿ ಅರೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಆಡಿದ್ದೂ ಈ ಎರಡು ಜೋಡಿಗಳೇ. ಇತ್ತ ಸಿ ಗ್ರೂಪ್‌ನಲ್ಲಿ ಮೊದಲು ಬಂದವರಿಗೆ ಕ್ವಾರ್ಟರ್‌ಫೈನಲ್‌ನಲ್ಲಿ ಸಿಗುವುದು ಎ ಗ್ರೂಪ್‌ನ ಎರಡನೆಯವರು, ಅಂದರೆ ಈಗ ತಾನೇ ಸೋತು ಕೂತ ವಿಶ್ವ ಚಾಂಪಿಯನ್ನರು. ಅವರನ್ನು ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ? ಹಾಗಾಗಿ ಆ ಗ್ರೂಪ್‌ನ ಕೊರಿಯಾ ಮತ್ತು ಇಂಡೋನೇಷ್ಯಾ ಆಡಿದ ಎರಡನೇ ಪಂದ್ಯದಲ್ಲೂ ಸೋಲುವ ಆಟ. ಚೀನಾದವರೇ ಮೊದಲು ಶುರು ಮಾಡಿದ್ದು ಎಂದು ಕೊರಿಯಾದ ಕೋಚ್ ದೂರಿದ್ದು ಸುಳ್ಳೇನಲ್ಲ. ಆದರೆ ಅದು ನೆಪವೂ ಹೌದು.

ಇನ್ನು ನಾವು ಮರೆಯುವ ಭಾಗ. ಬಿ ಗ್ರೂಪ್‌ನಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಹೈದರಾಬಾದಿನ ಜ್ವಾಲಾ ಗುಟ್ಟಾ ಇದ್ದರು. ಇವರು ಸುಮ್ನೆ ಸಂಖ್ಯೆ ತುಂಬಲು ಬಂದವರಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ. 2011ರಲ್ಲಿ ಇದೇ ವೆಂಬ್ಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು. 1983ರಲ್ಲಿ ಪ್ರಕಾಶ್ ಪಡುಕೋಣೆ ಗೆದ್ದ ಕಂಚಿನ ನಂತರ ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಪದಕ ಅದೇ. ಮಧ್ಯೆ 28 ವರ್ಷ ಏನೂ ಇಲ್ಲ.

ಲಂಡನ್‌ನಲ್ಲಿ ಇವರು ಮೊದಲು ಜಪಾನ್‌ನ ಮಿಜುಕಿ ಫುಜಿ ಮತ್ತು ರೇಕಾ ಕಾಕಿಇವಾ ಎದುರು ಸೋತರು. ಆಮೇಲೆ ತೈವಾನ್ ಜೋಡಿಯನ್ನು ಮೂರು ಗೇಮ್‌ಗಳ ಜಗ್ಗಾಟದಲ್ಲಿ ಸೋಲಿಸಿದರು. ಕೊನೆಯದಾಗಿ ಸಿಂಗಪುರದವರನ್ನೂ ಸೋಲಿಸಿದರು. ದೆಹಲಿ ಫೈನಲ್‌ನಲ್ಲಿ ಇವರ ಎದುರು ಆಡಿದ್ದ ಜೋಡಿಯೇ ಅದು. ಅಂದರೆ ಮೂರರಲ್ಲಿ ಎರಡು ಗೆಲುವು. ಆದರೆ ಅಷ್ಟರಲ್ಲಿ, ಭಾರತ ಸೋಲಿಸಿದ್ದ ಅದೇ ತೈವಾನ್ ಎದುರು ಜಪಾನ್ ಸೋತುಬಿಟ್ಟಿತ್ತು, ಅದೂ ನೇರ ಗೇಮ್‌ಗಳಲ್ಲಿ. ಹೀಗಾಗಿ ಮೂರು ಜೋಡಿಗಳಿಗೂ ಎರಡೆರಡು ಗೆಲುವು. ಲೆಕ್ಕ ಹಾಕಿ ನೋಡಿದರೆ ಅಶ್ವಿನಿ ಮತ್ತು ಜ್ವಾಲಾ ಒಂದೇ ಒಂದು ಅಂಕದ ಅಂತರದಲ್ಲಿ ಹೊರಗೆ.

ಜಪಾನ್ ಮತ್ತು ತೈವಾನ್ ಪಂದ್ಯ ಸರಿಯಾಗಿ ನಡೆಯಿತೇ ನೋಡಿ ಎಂದು ಭಾರತ ಅಧಿಕೃತವಾಗಿ ದೂರು ಕೊಟ್ಟಿತು. ದೂರು ತಿರಸ್ಕೃತವಾಯಿತು. ಜಪಾನ್ ಜೋಡಿ ಬೇಕೆಂದೇ ಸೋತಿತು ಎಂದು ಯಾರೂ ಸಾಬೀತು ಮಾಡಿಲ್ಲ, ನಾನೂ ಹಾಗೆ ಹೇಳುತ್ತಿಲ್ಲ. ಒಳ್ಳೆಯ ಜೋಡಿಗಳೂ ಒಂದೊಂದು ದಿನ ಕೆಟ್ಟದಾಗಿ ಆಡುತ್ತವೆ. ಸಮಸ್ಯೆ ಬೇರೆಯೇ ಇದೆ. ಸೋತರೆ ಲಾಭ ಆಗಬಹುದಾದ ಏರ್ಪಾಟಿನಲ್ಲಿ ಪ್ರಾಮಾಣಿಕವಾಗಿ ಸೋತವರನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ. ಅದು ಜಪಾನ್‌ಗೂ ಅನ್ಯಾಯ, ನಮ್ಮವರಿಗೂ ಅನ್ಯಾಯ.

ಅನರ್ಹತೆಯ ನಂತರ ನಡೆದದ್ದು ಇನ್ನೂ ವಿಚಿತ್ರ. ಎಂಟು ಜನರನ್ನು ಹೊರಹಾಕಿದ ಮೇಲೆ ಎ ಮತ್ತು ಸಿ ಗ್ರೂಪ್‌ಗಳಲ್ಲಿ ಮೂರನೇ, ನಾಲ್ಕನೇ ಸ್ಥಾನದಲ್ಲಿದ್ದವರನ್ನು ಒಳಗೆ ತಂದರು: ರಷ್ಯಾ, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ. ಕೆನಡಾದ ಅಲೆಕ್ಸ್ ಬ್ರೂಸ್ ಮತ್ತು ಮಿಶೆಲ್ ಲಿ ಗ್ರೂಪ್‌ನ ಮೂರೂ ಪಂದ್ಯ ಸೋತಿದ್ದರು, ಆದರೂ ಸೆಮಿಫೈನಲ್ ಆಡಿ ನಾಲ್ಕನೇ ಸ್ಥಾನ ಪಡೆದರು. ರಷ್ಯಾದ ವಲೇರಿಯಾ ಸೊರೊಕಿನಾ ಮತ್ತು ನೀನಾ ವಿಸ್ಲೊವಾ ಕಂಚು ಗೆದ್ದರು. ಬೇರೆ ಗ್ರೂಪ್‌ನಲ್ಲಿದ್ದ ಭಾರತದ ಜೋಡಿ, ಎರಡು ಪಂದ್ಯ ಗೆದ್ದೂ, ಮನೆಗೆ. ನಿಯಮದ ಪ್ರಕಾರ ಸರಿಯೇ ಇರಬಹುದು, ಆದರೂ ಹೊಟ್ಟೆ ಉರಿಯುತ್ತದೆ ಅಲ್ವಾ?

ಚೀನಾದ ಲೆಕ್ಕಾಚಾರವೂ ಕೈಕೊಟ್ಟಿತು. ಟಿಯಾನ್ ಮತ್ತು ಝಾವೊ ಚಿನ್ನ ಗೆದ್ದರು, ಬೆಳ್ಳಿ ಮಾತ್ರ ಜಪಾನ್‌ಗೆ ಹೋಯಿತು. ಒಲಿಂಪಿಕ್ ಬ್ಯಾಡ್ಮಿಂಟನ್‌ನಲ್ಲಿ ಜಪಾನ್‌ನ ಮೊದಲ ಪದಕ ಅದು.

ಆ ಎಂಟು ಜನ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಕೆಂದೇ ಸೋಲುವುದು ಅವತ್ತು ಹುಟ್ಟಿದ್ದಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಚೀನಾದ ಝೌ ಮಿ, ತಮ್ಮದೇ ದೇಶದ ಝಾಂಗ್ ನಿಂಗ್ ಎದುರು ಸೋತರು. ಸೋಲು ಎಂದು ಹೇಳಿದ್ದು ತಾನೇ ಎಂದು ಮುಖ್ಯ ಕೋಚ್ ಲಿ ಯೊಂಗ್ಬೊ 2008ರಲ್ಲಿ ಟಿವಿ ಸಂದರ್ಶನದಲ್ಲಿ ಒಪ್ಪಿಕೊಂಡರು. ಫೈನಲ್‌ನಲ್ಲಿ ನೆದರ್‌ಲೆಂಡ್ಸ್‌ನ ಮಿಯಾ ಔಡಿನಾ ಎದುರು ಝಾಂಗ್ ಗೆಲ್ಲುವ ಸಾಧ್ಯತೆ ಜಾಸ್ತಿ ಎನ್ನುವುದು ಅವರ ಲೆಕ್ಕ. ಝಾಂಗ್ ಗೆದ್ದರು ಕೂಡ. 2000ದ ಸಿಡ್ನಿ ಸೆಮಿಫೈನಲ್‌ನಲ್ಲೂ ಗೊಂಗ್ ಝಿಚಾವೊಗೆ ಬಿಟ್ಟುಕೊಡು ಎಂಬ ಆದೇಶ ತನಗಿತ್ತು ಎಂದು ಯೆ ಝಾವೊಯಿಂಗ್ ವರ್ಷಗಳ ನಂತರ ಡೆನ್ಮಾರ್ಕ್ ಟಿವಿಯಲ್ಲಿ ಹೇಳಿದರು. ಇವೆರಡಕ್ಕೂ ಆ ಹೊತ್ತಿನಲ್ಲಿ ಯಾವ ಕಾರ್ಡೂ ಬರಲಿಲ್ಲ. ಯಾಕೆಂದರೆ ಅಲ್ಲಿ ಸೋಲು ಸೋಲಿನ ಹಾಗೆಯೇ ಕಾಣುತ್ತಿತ್ತು. ವೆಂಬ್ಲಿಯಲ್ಲಿ ಎರಡೂ ಕಡೆಯವರಿಗೆ ಸೋಲು ಬೇಕಾಗಿತ್ತು, ಅದಕ್ಕೇ ಸಿಕ್ಕಿಬಿದ್ದರು. ಒಬ್ಬರಿಗೆ ಮಾತ್ರ ಬೇಕಾಗಿದ್ದರೆ ಇವತ್ತು ಈ ಲೇಖನವೇ ಇರುತ್ತಿರಲಿಲ್ಲ.

ಆಮೇಲೆ ಫೆಡರೇಷನ್ ಬುದ್ಧಿವಂತಿಕೆಯ ಕೆಲಸ ಮಾಡಿತು. ಗ್ರೂಪ್ ಹಂತ ತೆಗೆಯಲಿಲ್ಲ, ಬಾಗಿಲು ಮುಚ್ಚಿತು. 2016ರ ರಿಯೊದಿಂದ ಡಬಲ್ಸ್‌ನಲ್ಲಿ ಗ್ರೂಪ್ ಪಂದ್ಯಗಳೆಲ್ಲ ಮುಗಿದ ಮೇಲೆ ಇನ್ನೊಂದು ಡ್ರಾ. ಎರಡನೇ ಸ್ಥಾನ ಪಡೆದವರು ಯಾರನ್ನು ಎದುರಿಸುತ್ತಾರೆ ಎನ್ನುವುದು ಆಗಲೇ ಗೊತ್ತಾಗುವುದು. ಸೋತರೆ ಯಾರು ಸಿಗುತ್ತಾರೋ ಗೊತ್ತಿಲ್ಲದಿದ್ದರೆ ಸೋಲುವುದಕ್ಕೆ ಅರ್ಥವೇ ಇಲ್ಲ. ಒಂದೇ ಒಂದು ಚೀಟಿ ಎತ್ತುವ ಕೆಲಸ. ಇದನ್ನು ಲಂಡನ್‌ಗೆ ಮೊದಲೇ ಯೋಚಿಸಬಹುದಿತ್ತು.

ಗ್ರೂಪ್ ಲೆಕ್ಕದ ತಲೆನೋವು ಪೂರ್ತಿ ಹೋಗಿದೆ ಅಂತಲ್ಲ. 2024ರ ಪ್ಯಾರಿಸ್‌ನಲ್ಲಿ, ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ ಮೊದಲ ಪಂದ್ಯದಲ್ಲಿ ಗ್ವಾಟೆಮಾಲಾದ ಕೆವಿನ್ ಕಾರ್ಡನ್‌ರನ್ನು ಸೋಲಿಸಿದರು. ಮೊಣಕೈ ನೋವಿನಿಂದ ಕಾರ್ಡನ್ ಕೂಟದಿಂದ ಹಿಂದೆ ಸರಿದರು, ಲಕ್ಷ್ಯ ಗೆಲುವೇ ದಾಖಲೆಯಿಂದ ಅಳಿಸಿಹೋಯಿತು. ಗ್ರೂಪ್‌ನಲ್ಲಿ ಉಳಿದವರೆಲ್ಲ ಸಮಾನ ಸಂಖ್ಯೆಯ ಪಂದ್ಯ ಆಡಿದ ಹಾಗಾಗಲಿ ಎಂದು ಈ ನಿಯಮ. ನಮ್ಮಲ್ಲಿ ತುಂಬಾ ಜನ ಸಿಟ್ಟಾದರು, ಆದರೆ ಲಂಡನ್ ನೋಡಿದವರಿಗೆ ಗ್ರೂಪ್ ಲೆಕ್ಕದಲ್ಲಿ ಎಚ್ಚರಿಕೆ ಯಾಕೆ ಬೇಕು ಅಂತ ಅರ್ಥವಾಗುತ್ತದೆ.

ಆ ಎಂಟು ಜನರಲ್ಲಿ ಕೆಲವರಿಗೆ ಆಟ ಎರಡನೇ ಅವಕಾಶ ಕೊಟ್ಟಿತು. ಅನರ್ಹರಾದ ದಿನವೇ ಆಟ ಬಿಡುತ್ತೇನೆ ಎಂದು ಚೀನಾದ ಸಾಮಾಜಿಕ ಜಾಲತಾಣ ವೀಬೊದಲ್ಲಿ ಬರೆದಿದ್ದ ಯು ಯಾಂಗ್, ಮುಂದಿನ ವರ್ಷವೇ ವಾಂಗ್ ಜೊತೆ ಮತ್ತೆ ವಿಶ್ವ ಚಾಂಪಿಯನ್ ಆದರು. ರಿಯೊದ ಕಂಚಿನ ಪಂದ್ಯದಲ್ಲಿ ಅವರ ಎದುರು ನಿಂತಿದ್ದು ಅದೇ ಜಂಗ್ ಕ್ಯುಂಗ್ ಯುನ್. ಈ ಸಲ ಇಬ್ಬರಿಗೂ ಗೆಲುವೇ ಬೇಕಿತ್ತು, ಜಂಗ್‌ಗೆ ಸಿಕ್ಕಿತು. ಗ್ರೇಸಿಯಾ ಪೊಲಿಯದ್ದು ಇನ್ನೂ ದೊಡ್ಡ ಕಥೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಪ್ರಿಯಾನಿ ರಹಾಯು ಜೊತೆ ಇಂಡೋನೇಷ್ಯಾಕ್ಕೆ ಮಹಿಳಾ ಡಬಲ್ಸ್‌ನ ಮೊದಲ ಚಿನ್ನ ತಂದರು. ಅಶ್ವಿನಿ ಪೊನ್ನಪ್ಪ ಪ್ಯಾರಿಸ್‌ನಲ್ಲಿ ತನಿಷಾ ಕ್ರಾಸ್ಟೊ ಜೊತೆ ಆಡಿ, ಮೂರೂ ಗ್ರೂಪ್ ಪಂದ್ಯ ಸೋತು, ಇದೇ ನನ್ನ ಕೊನೆಯ ಒಲಿಂಪಿಕ್ಸ್ ಎಂದರು.

ಇನ್ನು ಕೋಚ್‌ಗಳು. ಲಂಡನ್‌ನಲ್ಲಿ ಹೊರಬಿದ್ದ ಎಂಟೂ ಜನ ಆಟಗಾರ್ತಿಯರು. ಲಿ ಯೊಂಗ್ಬೊ ಕ್ಷಮೆ ಕೇಳಿದರು. ಆ ಕೂಟದಲ್ಲಿ ಬ್ಯಾಡ್ಮಿಂಟನ್‌ನ ಐದಕ್ಕೆ ಐದೂ ಚಿನ್ನ ಚೀನಾ ಗೆದ್ದಿತು. ಲಿ 2017ರವರೆಗೂ ಮುಖ್ಯ ಕೋಚ್ ಆಗಿಯೇ ಇದ್ದರು.