ಕಡಲ ಗಡಿ ತೀರ್ಮಾನವಾಗುವುದು ದಡದಲ್ಲಿ

ಭಾರತ–ಶ್ರೀಲಂಕಾ ನಡುವಿನ ಪುಟ್ಟ ದ್ವೀಪ ಕಚ್ಚತೀವು ಸುದ್ದಿಗೆ ಬಂದಾಗಲೆಲ್ಲ ಬೆಂಗಳೂರಿನ ಟಿವಿ ಚರ್ಚೆಗಳಲ್ಲಿ ‘ನಮ್ಮ ಸಮುದ್ರ ಕೈಬಿಟ್ಟು ಹೋಯಿತು’ ಎಂಬ ಮಾತು ಕೇಳುತ್ತದೆ. ಎಷ್ಟು ಸಮುದ್ರ, ಅದರ ಮೇಲೆ ಯಾವ ಹಕ್ಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ದಡದಿಂದ ದೂರ ಸರಿದಂತೆ ದೇಶದ ಅಧಿಕಾರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಜಗಳ ಯಾವ ಮೆಟ್ಟಿಲಿನದು ಎಂದು ಮೊದಲು ಗುರುತಿಸಬೇಕು.

ವಿಶ್ವಸಂಸ್ಥೆಯ 1982ರ ಕಡಲ ಕಾನೂನು ಒಪ್ಪಂದವನ್ನು ಭಾರತ 1995ರಲ್ಲಿ ಅನುಮೋದಿಸಿತು. ನಮ್ಮದೇ ಕಡಲ ವಲಯಗಳ ಕಾಯ್ದೆ 1976ರದು. ಎರಡರಲ್ಲೂ ಅಳತೆ ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಮೊದಲ 12 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ದೇಶದ ನೆಲವಿದ್ದಂತೆ. ವಿದೇಶಿ ಹಡಗು ತೊಂದರೆ ಮಾಡದೆ ದಾಟಿ ಹೋಗಬಹುದು, ಅಷ್ಟೆ. 24 ಮೈಲಿಯವರೆಗೆ ಕಸ್ಟಮ್ಸ್, ತೆರಿಗೆ, ವಲಸೆ, ಆರೋಗ್ಯ ನಿಯಮಗಳ ಉಲ್ಲಂಘನೆ ತಡೆಯುವ ಅಧಿಕಾರ. 200 ಮೈಲಿಯವರೆಗಿನದು ವಿಶೇಷ ಆರ್ಥಿಕ ವಲಯ: ಮೀನು, ತೈಲ, ಅನಿಲ ನಮ್ಮವು; ಆದರೆ ಹಡಗು ಓಡಿಸುವ, ವಿಮಾನ ಹಾರಿಸುವ, ಕೇಬಲ್ ಹಾಕುವ ಸ್ವಾತಂತ್ರ್ಯ ಎಲ್ಲ ದೇಶಗಳಿಗೂ ಉಂಟು.

ಈ ಮೆಟ್ಟಿಲುಗಳಿಗೆ ಎಷ್ಟು ಬೆಲೆ ಎಂಬುದು ಎನ್ರಿಕಾ ಲೆಕ್ಸಿ ಪ್ರಕರಣದಲ್ಲಿ ಗೊತ್ತಾಯಿತು. 2012ರ ಫೆಬ್ರುವರಿಯಲ್ಲಿ ಆ ಹೆಸರಿನ ಇಟಲಿಯ ಹಡಗಿನಲ್ಲಿದ್ದ ಸೈನಿಕರು ಹಾರಿಸಿದ ಗುಂಡಿಗೆ ಇಬ್ಬರು ಮೀನುಗಾರರು ಸತ್ತರು. ಜಾಗ ಕೇರಳದ ದಡದಿಂದ ಸುಮಾರು 20.5 ಮೈಲಿ. 12 ದಾಟಿದ್ದರಿಂದ ಕೇರಳಕ್ಕೆ ಅಧಿಕಾರವಿಲ್ಲ, ಕೇಂದ್ರಕ್ಕಷ್ಟೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2020ರಲ್ಲಿ ಹೇಗ್‌ನ ಪಂಚಾಯ್ತಿ ಮಂಡಳಿ ಇಟಲಿಯ ಸೈನಿಕರಿಗೆ ಭಾರತದ ವಿಚಾರಣೆಯಿಂದ ವಿನಾಯಿತಿಯೂ ಭಾರತಕ್ಕೆ ಪರಿಹಾರವೂ ಸಿಗಬೇಕೆಂದಿತು. ಕರ್ನಾಟಕಕ್ಕೂ ಲೆಕ್ಕ ಇದೇ: ನಮ್ಮ 1986ರ ಕಡಲ ಮೀನುಗಾರಿಕೆ ಕಾಯ್ದೆಯ ಕೈ 12 ಮೈಲಿಗೆ ನಿಲ್ಲುತ್ತದೆ. ಆಚೆಗಿನ ಮೀನುಗಾರಿಕೆ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ.

ಮೈಲಿ ಎಣಿಸುವುದು ಎಲ್ಲಿಂದ? ಮೂಲರೇಖೆಯಿಂದ. ಸಾಮಾನ್ಯವಾಗಿ ಅದು ಇಳಿತದ ವೇಳೆ ನೀರು ಹಿಂದೆ ಸರಿದು ನಿಲ್ಲುವ ಗೆರೆ, ದೇಶವೇ ಮಾನ್ಯ ಮಾಡಿದ ದೊಡ್ಡ ಪ್ರಮಾಣದ ನೌಕಾ ನಕ್ಷೆಯಲ್ಲಿ ಗುರುತಿಸಿದ್ದು. ದಡ ಆಳವಾಗಿ ಕತ್ತರಿಸಿ ಹೋಗಿದ್ದರೆ ಅಥವಾ ಉದ್ದಕ್ಕೂ ದ್ವೀಪಗಳ ಸಾಲಿದ್ದರೆ ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆಯಬಹುದು. ಭಾರತ ತನ್ನ ಬಿಂದುಗಳನ್ನು 2009ರಲ್ಲಿ ಅಧಿಸೂಚಿಸಿತು. ಒಂದು ಬಿಂದು ಜರುಗಿದರೆ ಅದರಿಂದ ಅಳೆದ 200 ಮೈಲಿಯ ಕಮಾನೂ ಜರುಗುತ್ತದೆ. ಸರ್ ಕ್ರೀಕ್ ವಿವಾದ ಇಷ್ಟು ವರ್ಷ ಜೀವಂತ ಉಳಿದಿರುವುದು ಇದರಿಂದಲೇ. ಗುಜರಾತಿನ ಕಚ್ಛ್ ಮತ್ತು ಪಾಕಿಸ್ತಾನದ ಸಿಂಧ್ ನಡುವಿನ ಸುಮಾರು 96 ಕಿ.ಮೀ. ಉದ್ದದ ಕೆಸರಿನ ಅಳಿವೆ ಅದು. ಗಡಿ ಪೂರ್ವ ದಂಡೆಯಲ್ಲಿದೆ ಎಂದು ಪಾಕಿಸ್ತಾನ 1914ರ ಬಾಂಬೆ ಸರ್ಕಾರದ ನಿರ್ಣಯ ಹಿಡಿದು ವಾದಿಸುತ್ತದೆ. ನಡುಹರಿವಿನಲ್ಲಿದೆ ಎನ್ನುತ್ತದೆ ಭಾರತ. ಅಳಿವೆಯ ಬಾಯಲ್ಲಿ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಕಡಲ ಗಡಿ ಶುರು.

ದ್ವೀಪಗಳ ವಿಷಯ ಇನ್ನೂ ಸೂಕ್ಷ್ಮ. ಒಪ್ಪಂದ ಮೂರು ಬಗೆಯನ್ನು ಗುರುತಿಸುತ್ತದೆ. ಭರತದಲ್ಲಿ ಮುಳುಗಿ ಇಳಿತದಲ್ಲಷ್ಟೇ ಕಾಣುವ ದಿಬ್ಬ ದಡದಿಂದ 12 ಮೈಲಿಗಿಂತ ಆಚೆಗಿದ್ದರೆ ಅದಕ್ಕೆ ಸ್ವಂತ ಕಡಲೇ ಇಲ್ಲ. ಭರತದಲ್ಲೂ ತಲೆ ಎತ್ತಿ ನಿಂತಿದ್ದು, ಜನವಸತಿಯನ್ನಾಗಲಿ ಸ್ವಂತ ಆರ್ಥಿಕ ಬದುಕನ್ನಾಗಲಿ ತಾಳದ ಬಂಡೆಗೆ 12 ಮೈಲಿ. ಪೂರ್ಣ ದ್ವೀಪಕ್ಕೆ 200. ಲೆಕ್ಕ ಹಾಕಿ ನೋಡಿ: ಸುತ್ತ ಬೇರಾರೂ ಇಲ್ಲದ ಒಂಟಿ ಬಂಡೆಗೆ ಸುಮಾರು 1,550 ಚದರ ಕಿ.ಮೀ. ಕಡಲು, ಬೆಂಗಳೂರು ನಗರ ಜಿಲ್ಲೆಗಿಂತ ಕಡಿಮೆ. ಅದನ್ನೇ ಪೂರ್ಣ ದ್ವೀಪವೆಂದು ಒಪ್ಪಿದರೆ ಸುಮಾರು 4.31 ಲಕ್ಷ ಚದರ ಕಿ.ಮೀ., ಕರ್ನಾಟಕದ ಎರಡು ಪಟ್ಟಿಗೂ ಮಿಗಿಲು. ದೇಶಗಳು ಬಂಡೆಗೆ ಕಾಂಕ್ರೀಟ್ ಸುರಿದು ಸೈನಿಕರನ್ನು ಇರಿಸುವುದರ ಹಿಂದೆ ಈ ಆಸೆಯೂ ಇದೆ. ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ದಕ್ಷಿಣ ಚೀನಾ ಸಮುದ್ರದ ಇತು ಅಬಾದಲ್ಲಿ ಬಾವಿಯಿದೆ, ಗಿಡಮರವಿದೆ, ತೈವಾನಿನ ಸಿಬ್ಬಂದಿ ಇದ್ದಾರೆ. ಆದರೂ ಚೀನಾ ವಿರುದ್ಧ ಫಿಲಿಪೀನ್ಸ್ ಹೂಡಿದ್ದ ಪ್ರಕರಣದಲ್ಲಿ ಪಂಚಾಯ್ತಿ ಮಂಡಳಿಯ 2016ರ ತೀರ್ಪು ಅದನ್ನು ಬಂಡೆ ಎಂದೇ ಪರಿಗಣಿಸಿತು. ನೋಡಬೇಕಾದ್ದು ನೆಲದ ಸಹಜ ಸ್ಥಿತಿಯನ್ನು, ಹೊರಗಿನಿಂದ ತಂದುಹಾಕುವ ರೇಷನ್ನನ್ನಲ್ಲ.

ಅದೇ ಪ್ರಕರಣದಲ್ಲಿ ಫಿಲಿಪೀನ್ಸ್ ವಕೀಲರು ಪ್ರಶ್ನೆ ರೂಪಿಸಿದ ರೀತಿ ಕಲಿಯುವಂಥದ್ದು. ನೆಲ ಯಾರದು ಎಂಬುದು ಕಡಲ ಒಪ್ಪಂದದ ವ್ಯಾಪ್ತಿಗೇ ಬರುವುದಿಲ್ಲ. ಕಡಲ ಗಡಿ ಎಳೆಯುವ ವಿವಾದಗಳನ್ನು ಕಡ್ಡಾಯ ವಿಚಾರಣೆಯಿಂದ ಹೊರಗಿಡಲು 298ನೇ ವಿಧಿ ಅವಕಾಶ ಕೊಡುತ್ತದೆ. ಚೀನಾ 2006ರಲ್ಲೇ ಹಾಗೆ ಘೋಷಿಸಿತ್ತು. ಹಾಗಾಗಿ ಫಿಲಿಪೀನ್ಸ್ ವಕೀಲರು ಒಡೆತನವನ್ನೂ ಗಡಿಯನ್ನೂ ಕೇಳದೆ, ಇದು ಬಂಡೆಯೋ ದಿಬ್ಬವೋ ಎಂಬಂಥ ಪ್ರಶ್ನೆಗಳನ್ನು ಕೇಳಿದರು. ಅರ್ಜಿಯಲ್ಲಿ ಒಂದು ವಾಕ್ಯ ಅತ್ತಿತ್ತ ಆಗಿದ್ದರೂ ಮಂಡಳಿ ಅದನ್ನು ಮುಟ್ಟುವಂತಿರಲಿಲ್ಲ.

ಎರಡು ದೇಶಗಳ 200 ಮೈಲಿ ಒಂದರ ಮೇಲೊಂದು ಬಿದ್ದರೆ ಗೆರೆ ಎಳೆಯುವುದು ಮೂರು ಹಂತದಲ್ಲಿ. ಎರಡೂ ದಡಗಳಿಂದ ಸಮದೂರದ ತಾತ್ಕಾಲಿಕ ಗೆರೆ ಮೊದಲು. ಆಮೇಲೆ ಅದನ್ನು ಸರಿಸಬೇಕಾದ ವಿಶೇಷ ಕಾರಣಗಳು ಇವೆಯೇ ಎಂಬ ಪರಿಶೀಲನೆ. ಕೊನೆಗೆ ದಡದ ಉದ್ದಕ್ಕೂ ಸಿಕ್ಕ ಕಡಲಿಗೂ ತೀರಾ ಅಂತರ ಬಂತೇ ಎಂಬ ತಾಳೆ. ರೊಮೇನಿಯಾ–ಉಕ್ರೇನ್ ನಡುವಿನ 2009ರ ತೀರ್ಪಿನಲ್ಲಿ ದಡಗಳ ಪ್ರಮಾಣ 1:2.8, ಹಂಚಿಕೆಯಾದ ಕಡಲಿನದು 1:2.1. ಇಷ್ಟು ವ್ಯತ್ಯಾಸವನ್ನು ಅಂತರರಾಷ್ಟ್ರೀಯ ನ್ಯಾಯಾಲಯ ಒಪ್ಪಿತು. ಗಣಿತ ಸಮನಾಗಲೇಬೇಕೆಂದಿಲ್ಲ.

ನಿಜವಾದ ಹೋರಾಟ ಎರಡನೇ ಹಂತದ್ದು. ಬಾಂಗ್ಲಾದೇಶದ ದಡ ಒಳಕ್ಕೆ ಬಾಗಿದೆ. ಇತ್ತ ಭಾರತ, ಅತ್ತ ಮ್ಯಾನ್ಮಾರ್ ಜೊತೆ ಸಮದೂರದ ಗೆರೆ ಎಳೆದರೆ ಎರಡೂ ಗೆರೆ ನಡುವೆ ಕೂಡಿ ಆ ದೇಶದ ಕಡಲನ್ನು ಕತ್ತರಿಸಿಬಿಡುತ್ತಿದ್ದವು. ಪಂಚಾಯ್ತಿ ಮಂಡಳಿಯ 2014ರ ತೀರ್ಪು ಭಾರತದ ಕಡೆಯ ಗೆರೆಯನ್ನು 177 ಡಿಗ್ರಿ 30 ಮಿನಿಟ್ ದಿಕ್ಕಿಗೆ ತಿರುಗಿಸಿತು. ವಿವಾದದಲ್ಲಿದ್ದ 25,602 ಚದರ ಕಿ.ಮೀ. ಪೈಕಿ 19,467 ಬಾಂಗ್ಲಾದೇಶದ ಪಾಲಾಯಿತು. ಭಾರತ ಹಕ್ಕು ಸಾಧಿಸುತ್ತಿದ್ದ ನ್ಯೂ ಮೂರ್ ದ್ವೀಪ ಮೂಲಬಿಂದುವಾಗಲು ಯೋಗ್ಯವಲ್ಲ ಎಂದೂ ಮಂಡಳಿ ಹೇಳಿತು. ಭಾರತ ತಕರಾರಿಲ್ಲದೆ ಒಪ್ಪಿಕೊಂಡಿತು; ದೊಡ್ಡ ನೆರೆಯವನಿಗೆ ಭೂಷಣವಾದ ನಡೆ ಅದು. ಆದರೆ ತೀರ್ಪಿನಲ್ಲಿ ಒಂದು ಕಗ್ಗಂಟು ಉಳಿಯಿತು. ಗೆರೆಯ ಪೂರ್ವಕ್ಕೆ ಒಂದು ಪಟ್ಟಿಯಲ್ಲಿ ತಳದ ತೈಲ, ಖನಿಜ ಬಾಂಗ್ಲಾದೇಶದ್ದು, ಮೇಲಿನ ನೀರಿನ ಮೀನಿನ ಹಕ್ಕು ಭಾರತದ್ದು. ಅಲ್ಲಿ ತೈಲ ಬಾವಿ ಕೊರೆದರೆ ರಿಗ್ ಸುತ್ತ 500 ಮೀಟರಿನವರೆಗೆ ಸುರಕ್ಷತಾ ವಲಯ ಗುರುತಿಸಬಹುದು. ಅಷ್ಟರಲ್ಲಿ ಬಲೆ ಬೀಸುವಂತಿಲ್ಲ. ಎರಡೂ ದೇಶ ಕೂತು ಮಾತಾಡದೆ ಈ ಪಟ್ಟಿಯಲ್ಲಿ ಕೆಲಸ ಸಾಗುವುದಿಲ್ಲ.

ಈಗ ಕಚ್ಚತೀವಿಗೆ ಬರೋಣ. ಸುಮಾರು 285 ಎಕರೆ, ಕಾಯಂ ಜನವಸತಿ ಇಲ್ಲ, ಒಂದು ಚರ್ಚ್ ಇದೆ. 1974ರ ಒಪ್ಪಂದದ ಗೆರೆ ಅದನ್ನು ಶ್ರೀಲಂಕಾದ ಕಡೆಗೆ ಬಿಟ್ಟಿತು. ನಮ್ಮ ಮೀನುಗಾರರು, ಯಾತ್ರಿಕರು ವೀಸಾ ಇಲ್ಲದೆ ಹೋಗಿಬರುವ ಅವಕಾಶ ಅದರಲ್ಲೇ ಇದೆ. ಮೀನು ಹಿಡಿಯುವುದನ್ನು ನಿಲ್ಲಿಸಿದ್ದು 1976ರ ಪತ್ರ ವಿನಿಮಯ: ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯುವಂತಿಲ್ಲ. ಪರಿಸ್ಥಿತಿ ಬದಲಾಯಿತೆಂಬ ಕಾರಣಕ್ಕೆ ಗಡಿ ಒಪ್ಪಂದ ಮುರಿಯಲು ಅಂತರರಾಷ್ಟ್ರೀಯ ಕಾನೂನು ಬಿಡುವುದಿಲ್ಲ. ದ್ವೀಪ ಮರಳಿ ಬಂದರೂ ಆಚೆಗಿನ ನೆಡುಂತೀವು (ಡೆಲ್ಫ್ಟ್) ದ್ವೀಪದ ಸುತ್ತಲ ನೀರು ಶ್ರೀಲಂಕಾದ್ದಾಗಿಯೇ ಉಳಿಯುತ್ತದೆ. ದೋಣಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಅಂಥ ಕಡೆಗಳಲ್ಲಿ. ತಳ ಗೋರುವ ಟ್ರಾಲ್ ಬಲೆಯನ್ನು ಆ ದೇಶ 2017ರಲ್ಲಿ ನಿಷೇಧಿಸಿದೆ. ರಾಮೇಶ್ವರದ ಮೀನುಗಾರನ ಬಂಧನ ತಪ್ಪಿಸಬೇಕಾದರೆ ಕೈ ಹಾಕಬೇಕಾದ್ದು 1976ರ ಪತ್ರಗಳಿಗೆ: ದಿನ, ದೋಣಿ, ಬಲೆಯ ಬಗೆ ನಿಗದಿಪಡಿಸಿ ಪರಸ್ಪರ ಲೈಸೆನ್ಸ್ ಕೊಡುವ ಒಪ್ಪಂದಕ್ಕೆ.