ಸ್ಕಿನ್‌ಗಳನ್ನು ಬಿಸಿಲಿಗೆ ಹಾಕಬಹುದಾ? ಇಲ್ಲ, ಈ ಸಲವೂ ಇಲ್ಲ

ಪ್ರಶ್ನೆ: ಸರ್, ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಸ್ಕೀ ಟೂರಿಂಗ್‌ಗೆ (ಸ್ಕೀ ಕಟ್ಟಿಕೊಂಡೇ ಹಿಮದ ಬೆಟ್ಟ ಹತ್ತಿ ಇಳಿಯುವುದು) ಹೊರಟಿದ್ದೇನೆ. ಹೊಸ ಸ್ಕಿನ್ (ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿ; ಒಂದು ಮೈಗೆ ಅಂಟು, ಇನ್ನೊಂದಕ್ಕೆ ಕೂದಲು) ತರಿಸಿದ್ದೇನೆ. ಕತ್ತರಿಸುವುದು ಹೇಗೆ? ವಾಪಸ್ ತುಮಕೂರಿಗೆ ಬಂದ ಮೇಲೆ ತಾರಸಿಯಲ್ಲಿ ಎರಡು ದಿನ ಚೆನ್ನಾಗಿ ಒಣಗಿಸಿ ಎತ್ತಿಟ್ಟರೆ ಮುಂದಿನ ವರ್ಷಕ್ಕೆ ಬರುತ್ತದಲ್ಲವೇ?

ಪ್ರಶ್ನೆಯ ಕೊನೆಯ ಸಾಲಿನಲ್ಲೇ ಅನಾಹುತ ಕೂತಿದೆ. ಅದಕ್ಕೆ ಬರುತ್ತೇನೆ. ಮೊದಲು ಕತ್ತರಿಸುವ ಕೆಲಸ ಮುಗಿಸೋಣ.

ಸ್ಕೀ ನಿಮ್ಮದೋ, ಬಾಡಿಗೆಯದೋ? ಬಾಡಿಗೆಯದಾದರೆ ಬ್ಲೇಡ್ ಮುಟ್ಟಲೇಬೇಡಿ. ಸ್ಕೀ ಮುಂದೆ ಅಗಲ, ನಡುವೆ ಸಣ್ಣ, ಹಿಂದೆ ಮತ್ತೆ ಅಗಲ. ಈ ತಿರುವು ಒಂದೊಂದು ಮಾಡೆಲ್‌ಗೂ ಬೇರೆ. ಒಂದಕ್ಕೆಂದು ಕತ್ತರಿಸಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಸ್ಕೀ ಕೊಡುವವರ ಹತ್ತಿರವೇ ಅದಕ್ಕೆ ಹೊಂದುವ ಸ್ಕಿನ್ ಕೇಳಿ ಪಡೆಯಿರಿ.

ಸ್ವಂತದ್ದಾದರೆ ಸ್ಕೀಯ ತಳ ಒರೆಸಿ, ಮುಂದಿನ ಕೊಂಡಿ ಸಿಕ್ಕಿಸಿ, ಸ್ಕಿನ್ನನ್ನು ನಟ್ಟನಡುವೆ ಅಂಟಿಸಿ, ಅಂಗೈಯಿಂದ ಒತ್ತುತ್ತಾ ಹೋಗಿ. ಜೊತೆಗೆ ಬಂದ ಕಟ್ಟರ್‌ ಹಿಡಿದು ಮುಂದಿನಿಂದ ಹಿಂದಕ್ಕೆ ತಡವರಿಸದೆ ಒಂದೇ ಎಳೆತದಲ್ಲಿ ಎಳೆಯಿರಿ. ಟೈಲರ್ ಕತ್ತರಿ ಬೇಡ, ಅಂಚು ಹಲ್ಲುಹಲ್ಲಾಗುತ್ತದೆ. ಎರಡೂ ಬದಿಯ ಸ್ಟೀಲ್ ಅಂಚು ಬರಿದಾಗಿ ಕಾಣಬೇಕು, ಸುಮಾರು 2 ಮಿ.ಮೀ. ಕೆಲವು ಕಟ್ಟರ್‌ಗಳು ಈ ಅಂತರವನ್ನು ತಾವೇ ಬಿಡುತ್ತವೆ. ಬಿಡದಿದ್ದರೆ ಸ್ಕಿನ್ನನ್ನು ನಡುವಿನಿಂದ 2 ಮಿ.ಮೀ. ಬಲಕ್ಕೆ ಸರಿಸಿ ಬಲಬದಿ ಕತ್ತರಿಸಿ, ಆಮೇಲೆ ನಡುವಿನಿಂದ ಅಷ್ಟೇ ಎಡಕ್ಕೆ ಸರಿಸಿ ಎಡಬದಿ ಕತ್ತರಿಸಿ. ಮತ್ತೆ ನಡುವಿಗೆ ತಂದಾಗ ಎರಡೂ ಕಡೆ ಅಂಚು ತಾನಾಗಿ ಕಾಣುತ್ತದೆ. ‘ಅಂಚನ್ನೂ ಮುಚ್ಚಿದರೆ ಹಿಡಿತ ಜಾಸ್ತಿಯಲ್ಲವೇ’ ಎಂದು ಕೇಳಬೇಡಿ. ಗಟ್ಟಿಕಟ್ಟಿದ ಇಳಿಜಾರನ್ನು ಅಡ್ಡಹಾಯುವಾಗ ಹಿಮಕ್ಕೆ ಕಚ್ಚುವುದು ಆ ಸ್ಟೀಲೇ. ಮೂಲೆಗಳನ್ನು ದುಂಡಗೆ ಮಾಡಿ, ಚೂಪಾಗಿ ಬಿಟ್ಟರೆ ಹಿಮ ಅಲ್ಲಿಂದಲೇ ಎಬ್ಬಿಸುತ್ತದೆ. ಕಟ್ಟರ್ ಜೊತೆಗೆ ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಾಲು ನಿಲ್ಲಿಸಿಕೊಂಡು ಬ್ಲೇಡಿನ ಉಪಯೋಗ ವಿವರಿಸುವ ಕಷ್ಟ ಯಾಕೆ?

ಈಗ ಬಿಸಿಲಿನ ವಿಚಾರ.

ನಮ್ಮ ಕಡೆ ಬಿಸಿಲೆಂದರೆ ಸರ್ವರೋಗಕ್ಕೂ ಮದ್ದು. ಹುಣಸೆಹಣ್ಣು, ಮೆಣಸಿನಕಾಯಿ, ಸಂಡಿಗೆ, ಹಾಸಿಗೆ, ಎಲ್ಲದಕ್ಕೂ ತಾರಸಿಯೇ ಗತಿ. ಆ ಸಾಲಿನಲ್ಲೇ ಸ್ಕಿನ್ ಕೂಡ ಮಲಗುತ್ತದೆ. ಎಷ್ಟು ಸಲ ಹೇಳಿದರೂ ‘ಇಲ್ಲ ಸರ್, ಬಿಸಿಲಿಗೆ ಹಾಕಿದ ಮೇಲೆ ಅಂಟು ಇನ್ನೂ ಚೆನ್ನಾಗಿ ಹಿಡಿಯುತ್ತೆ, ನಾನೇ ಮುಟ್ಟಿ ನೋಡಿದ್ದೇನೆ’ ಎನ್ನುತ್ತಾರೆ.

ಆ ಮುಟ್ಟಿ ನೋಡುವುದೇ ಮೋಸ. ಸಾಮಾನ್ಯ ಸ್ಕಿನ್‌ನ ಅಂಟು ಕಾದಷ್ಟೂ ಮೆತ್ತಗಾಗುತ್ತದೆ. ಮೆತ್ತಗಾದ ಅಂಟು ಬೆರಳಿಗೆ ಜಿಗುಟು. ಆದರೆ ನಿಮಗೆ ಅಂಟು ಹಿಡಿಯಬೇಕಾದದ್ದು ತುಮಕೂರಿನ 35 ಡಿಗ್ರಿಯಲ್ಲಿ ಅಲ್ಲ, ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದ ಮೇಲೆ ಮೈನಸ್ 10ರ ಆಸುಪಾಸಿನಲ್ಲಿ. ತಾರಸಿಯ ಪರೀಕ್ಷೆಗೂ ಅಲ್ಲಿನ ಹಿಡಿತಕ್ಕೂ ಸಂಬಂಧವೇ ಇಲ್ಲ. ಇತ್ತ, ಮೆತ್ತಗಾದ ಅಂಟು ಸುಮ್ಮನೆ ಕೂರುವುದಿಲ್ಲ. ಒಂದಿಷ್ಟು ಹಿಂದಿನ ಬಟ್ಟೆಗೆ ಇಳಿಯುತ್ತದೆ, ಒಂದಿಷ್ಟು ಜಾರಿ ಗಂಟು ಕಟ್ಟುತ್ತದೆ. ಮುಂದಿನ ಸಲ ಸ್ಕೀಯಿಂದ ಕಿತ್ತಾಗ ತಳದ ಮೇಲೆ ಉದ್ದಕ್ಕೂ ಅಂಟಿನ ಎಳೆಗಳು ಉಳಿಯುತ್ತವೆ, ಆ ಜಾಗದಲ್ಲಿ ಸ್ಕಿನ್ ಬೋಳಾಗಿ ಹೊಳೆಯುತ್ತದೆ. ಆಗ ‘ಕಂಪನಿ ಮಾಲು ಸರಿಯಿಲ್ಲ’ ಎಂಬ ದೂರು. ತಾರಸಿಯ ಧೂಳು, ರಾಗಿ ಹೊಟ್ಟು, ಪಕ್ಕದ ಮನೆ ಬೆಕ್ಕಿನ ಕೂದಲು ಬೇರೆ ಮೆತ್ತಿಕೊಂಡಿರುತ್ತವೆ. ಬಿಡಿಸಲು ಚಿಮುಟ ಹಿಡಿದು ಕೂತರೆ ಮಧ್ಯಾಹ್ನ ಕಳೆಯುತ್ತದೆ.

‘ಹಾಗಾದರೆ ಬೂಷ್ಟು ಬರಲ್ವಾ?’ ಬರುತ್ತದೆ, ಒದ್ದೆಯಾಗಿಯೇ ಮಡಿಸಿಟ್ಟರೆ. ಬೂಷ್ಟು ತಪ್ಪಿಸಲು ಬೇಕಾದದ್ದು ಗಾಳಿ, ಬಿಸಿಲಲ್ಲ. ಅಂಟಿಗೆ ಅಂಟು ಸೇರಿಸಿ, ಕೂದಲ ಮೈ ಹೊರಗೆ ಬರುವಂತೆ, ಒಳಕೋಣೆಯ ಹಗ್ಗದ ಮೇಲೆ ಫ್ಯಾನ್ ಕೆಳಗೆ ನೇತುಹಾಕಿ. ನಡುನಡುವೆ ಬಿಡಿಸಿ ಅಂಟಿನ ಮೈಯನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮ ಒಣಹವೆಯಲ್ಲಿ ಇಷ್ಟು ಧಾರಾಳ ಸಾಕು. ಗುಲ್ಮಾರ್ಗ್‌ನ ಹೋಟೆಲುಗಳಲ್ಲಿ ಸೌದೆ ಉರಿಸುವ ಬುಖಾರಿ ಇರುತ್ತದಲ್ಲ, ಅದರ ಕೊಳವೆಯ ಪಕ್ಕ ಸ್ಕಿನ್ ನೇತುಹಾಕುವವರಿಗೂ ಇದೇ ಉತ್ತರ. ಅದು ತುಮಕೂರಿನ ಬಿಸಿಲಿಗಿಂತ ಜೋರು.

ಒಣಗಿದ ಮೇಲೆ ಜೊತೆಗೆ ಬಂದ ಬಲೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಗೆ ಹಾಕಿ, ಚೀಲಕ್ಕೆ ಸೇರಿಸಿ, ಬೀರುವಿನ ಕೆಳಗಿನ ಅರೆಯಲ್ಲಿಡಿ. ಅಟ್ಟದ ಮೇಲೆ ಬೇಡ, ಏಪ್ರಿಲ್‌ನಲ್ಲಿ ಅದು ಒಲೆಯೇ. ಕಾರಿನ ಡಿಕ್ಕಿಯಂತೂ ಬೇಡವೇ ಬೇಡ. ಫ್ರಿಜ್ಜೂ ಬೇಕಿಲ್ಲ, ಅದನ್ನು ಮೊಸರಿಗೆ ಬಿಡಿ. ಅಂಟು ಅಲ್ಲಲ್ಲಿ ಸವೆದಿದ್ದರೆ ಆ ಜಾಗಕ್ಕಷ್ಟೇ ಟ್ಯೂಬಿನ ಸ್ಕಿನ್ ಅಂಟು ಹಚ್ಚಿ. ಪೂರ್ತಿ ಹಾಳಾಗಿದ್ದರೆ ಕಂದು ಕಾಗದ ಇಟ್ಟು ಹದವಾದ ಇಸ್ತ್ರಿಪೆಟ್ಟಿಗೆಯಿಂದ ಹಳೆಯದನ್ನು ಎತ್ತಿ ಹೊಸದು ಹಾಕಬೇಕು. ‘ಇಸ್ತ್ರಿ ಶಾಖ ಪರವಾಗಿಲ್ಲ, ಬಿಸಿಲು ಯಾಕೆ ಆಗಲ್ಲ’ ಎನ್ನುವವರಿಗೆ: ಇಸ್ತ್ರಿ ಮಾಡುವುದು ಅಂಟನ್ನು ಕೀಳಲು!

ನೀವು ಕೇಳದಿದ್ದರೂ ಇದೊಂದು ಹೇಳಿಬಿಡುತ್ತೇನೆ, ಮಾರ್ಚ್‌ನಲ್ಲಿ ಹೋಗುವವರು ಹೇಗೂ ಕೇಳುತ್ತೀರಿ. ನಡೆಯುತ್ತಾ ನಡೆಯುತ್ತಾ ಸ್ಕೀ ಕೆಳಗೆ ಹಿಮ ಉಂಡೆಕಟ್ಟಿ ಕಾಲು ಭಾರವಾಗುವುದು. ಬಿಸಿಲಿಗೆ ಕರಗಿದ ಹಿಮದಲ್ಲಿ ಕೂದಲು ನೆನೆಯುತ್ತದೆ, ಆಮೇಲೆ ನೆರಳಿನ ತಣ್ಣನೆಯ ಪುಡಿಹಿಮಕ್ಕೆ ಕಾಲಿಟ್ಟ ತಕ್ಷಣ ಅದೇ ನೀರು ಹೆಪ್ಪುಗಟ್ಟಿ ಹಿಮವನ್ನೂ ಹಿಡಿದುಕೊಳ್ಳುತ್ತದೆ. ಮೊಹೇರ್ ಆಗಲಿ ನೈಲಾನ್ ಆಗಲಿ, ನೆನೆದರೆ ಎರಡರ ಪಾಡೂ ಇದೇ. ಮೊಹೇರ್ ಅಂಗೋರಾ ಆಡಿನ ಕೂದಲು, ಜಾರಿಕೆ ಚೆನ್ನ. ನೈಲಾನ್ ಬಾಳಿಕೆ ಹೆಚ್ಚು, ಹತ್ತುವಾಗಿನ ಹಿಡಿತವೂ ಹೆಚ್ಚು. ಎರಡನ್ನೂ ಬೆರೆಸಿ ನೇಯ್ದದ್ದೇ ಮೊದಲ ಸಲಕ್ಕೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಉಂಡೆಕಟ್ಟುವ ಮುಂಚೆಯೇ, ಬೆಳಿಗ್ಗೆ ಹೊರಡುವಾಗ, ಸ್ಕಿನ್ ವ್ಯಾಕ್ಸ್ ತುಂಡನ್ನು ಕೂದಲು ಮಲಗಿರುವ ದಿಕ್ಕಿಗೆ ಮುಂದಿನಿಂದ ಹಿಂದಕ್ಕೆ ಉಜ್ಜಿ. ಅಂಟಿನ ಮೈಗೆ ತಾಕಿಸಬೇಡಿ. ವ್ಯಾಕ್ಸ್ ಮರೆತಿದ್ದರೆ ಬಿಳಿ ಮೇಣದಬತ್ತಿಯಿಂದ ಆ ಹೊತ್ತಿಗೆ ಸುಧಾರಿಸಿಕೊಳ್ಳಬಹುದು. ಉಂಡೆ ಆಗಲೇ ಕಟ್ಟಿದ್ದರೆ ಕಾಲು ಒದರಿ ಪ್ರಯೋಜನವಿಲ್ಲ. ಸ್ಕಿನ್ ಬಿಚ್ಚಿ, ಕೂದಲ ಮೈಯನ್ನು ಸ್ಕೀಯ ಸ್ಟೀಲ್ ಅಂಚಿಗೆ ಒತ್ತಿ ಎಳೆದು ಮಂಜುಗಡ್ಡೆ ಕೆರೆದು, ವ್ಯಾಕ್ಸ್ ಉಜ್ಜಿ, ಮತ್ತೆ ಅಂಟಿಸಿ ಹೊರಡಿ.